ಸರ್ಟಿಫಿಕೇಟ್‌ನಲ್ಲಿ ಏನು ಬರೆದಿದೆ, ನೋಡಿದ್ದೀರಾ?

ಅಕ್ಕಾ, ನಮ್ಮದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ಆರು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಮಾತು ತೊದಲು, ಹೇಳಿದ್ದು ತಿಳಿಯುವುದೂ ನಿಧಾನ. ಕಾಲು ಮಾತ್ರ ನೋಡಿ ಅಂಗವಿಕಲ ಸರ್ಟಿಫಿಕೇಟ್‌ನಲ್ಲಿ 35 ಪರ್ಸೆಂಟ್ ಬರೆದುಕೊಟ್ಟಿದ್ದಾರೆ. 40 ಇಲ್ಲದಿದ್ದರೆ ಸರ್ಕಾರದ ಯಾವ ಚಿಕಿತ್ಸೆಯೂ ಸಿಗಲ್ಲ ಅಂತಾರೆ ಊರಲ್ಲಿ. ಬಿಪಿಎಲ್ ಕಾರ್ಡ್ ಇದೆ. ಫಿಸಿಯೋಥೆರಪಿಗೆ ರಾಯಚೂರಿಗೆ ಓಡಾಡಿ ಕೂಲಿ ದುಡ್ಡೆಲ್ಲ ಅಲ್ಲೇ ಹೋಗುತ್ತಿದೆ. ಏನು ಮಾಡಲಿ?

ತಂಗೀ, ಮೊದಲು ಆ ಹೆದರಿಕೆ ಬಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಪರ್ಸೆಂಟೇಜ್ ಕೇಳುವುದಿಲ್ಲ, ಕೇಳುವುದು ರೇಷನ್ ಕಾರ್ಡ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಾಳೆ ಕಾಲಿಗೆ ಆಪರೇಷನ್ ಬೇಕೆಂದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೇಳಿ ಪಡೆಯಿರಿ.

ಆದರೆ ನಿಮ್ಮನ್ನು ಹಿಂಡುತ್ತಿರುವುದು ವಾರವಾರದ ಫಿಸಿಯೋ. ಅದಕ್ಕೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗಷ್ಟೇ ಸಿಗುವ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವಿಮೆ ಇದು. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಮಿತಿಯೊಳಗೆ ಹಣ ಬರುತ್ತದೆ. ನೀವು ಮೊದಲು ಕಟ್ಟಿ, ಬಿಲ್ ಕೊಟ್ಟು ವಾಪಸ್ ಪಡೆಯಬೇಕು. ಹಾಗಾಗಿ ಒಂದು ಬಿಲ್ಲೂ ಕಳೆಯಬೇಡಿ.

ಇಲ್ಲೇ ನೋಡಿ, ನಿಮ್ಮ ಸರ್ಟಿಫಿಕೇಟ್ ಅಡ್ಡ ಬರುವುದು. ಅದರಲ್ಲಿ ಬರೀ 'ದೈಹಿಕ ಅಂಗವೈಕಲ್ಯ' ಎಂದಿದ್ದರೆ ನಿರಾಮಯದ ದಾರಿ ಮುಚ್ಚಿದಂತೆ. 'ಸೆರೆಬ್ರಲ್ ಪಾಲ್ಸಿ' ಎಂಬ ಹೆಸರೇ ಬರಬೇಕು. ಊರವರು ಪರ್ಸೆಂಟೇಜ್ ಹಿಂದೆ ಬಿದ್ದಿದ್ದಾರೆ, ನನಗೆ ಈ ಹೆಸರಿನದೇ ಹೆಚ್ಚು ಚಿಂತೆ.

ಪರ್ಸೆಂಟೇಜೂ ಸರಿಹೋಗಬೇಕು, ನಿಜ. ಪಿಂಚಣಿ, ಮೀಸಲಾತಿಗೆ 40 ಬೇಕೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸುತ್ತದೆ. ಕಾಲು ಒಂದು, ಬುದ್ಧಿ ಬೆಳವಣಿಗೆ ಇನ್ನೊಂದು, ಮಾತು ಮತ್ತೊಂದು. ಎಲ್ಲವನ್ನೂ ಅಳೆದು ಸೇರಿಸಬೇಕು. ನೇರ ಕೂಡುವುದಿಲ್ಲ, ಸೂತ್ರವಿದೆ: ಬೌದ್ಧಿಕ ವಿಕಲತೆ 50, ಕಾಲಿನದು 35 ಎಂದುಕೊಳ್ಳಿ, ಒಟ್ಟು 85 ಆಗುವುದಿಲ್ಲ, ಸುಮಾರು 66 ಆಗುತ್ತದೆ. ಬರೀ ಕಾಲು ನೋಡಿ ಕಳಿಸಿದ್ದು ನಿಮ್ಮ ಮಗುವಿಗೆ ಆದ ಅನ್ಯಾಯ, ಮತ್ತು ಅದರ ವಿರುದ್ಧ ಮೇಲ್ಮನವಿಗೆ ಅದೇ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ ಅಂತ ಕೇಳಿ, ಗೊತ್ತಾಗುತ್ತದೆ) ಕಂಡು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿಯ ಬಗ್ಗೆ ವಿಚಾರಿಸಿ. ಮಗನನ್ನು ಮತ್ತೆ ತಪಾಸಣೆಗೆ ಕರೆದೊಯ್ದ ದಿನ ಬುದ್ಧಿಮಟ್ಟದ ಪರೀಕ್ಷೆ, ಮಾತಿನ ತಪಾಸಣೆ ಎರಡನ್ನೂ ಬಾಯಿಬಿಟ್ಟು ಕೇಳಿ. ಮಗ ಡಾಕ್ಟರ ಮುಂದೆ ಅಂದು ಸುಮ್ಮನೆ ಕೂತುಬಿಡಬಹುದು. ಅವನು ಚಮಚ ಹಿಡಿಯಲು ಪಡುವ ಪಾಡು, ಅಂಗಿ ಗುಂಡಿ ಹಾಕಲಾಗದೆ ಅಳುವುದು, ಹೊಸ್ತಿಲು ದಾಟುವಾಗ ಗೋಡೆ ಹಿಡಿಯುವುದು, ಇವನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು ತೋರಿಸಿ. ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ.

ಇಷ್ಟರಲ್ಲಿ ಫಿಸಿಯೋ ಮಾತ್ರ ನಿಲ್ಲಿಸಬೇಡಿ, ಬಿಗಿ ಹೆಚ್ಚಾಗುತ್ತದೆ. ಹೋಗಲಾಗದ ವಾರ ಮನೆಯಲ್ಲಿ ಮಾಡಿಸುವ ವ್ಯಾಯಾಮಗಳನ್ನು ಫಿಸಿಯೋ ಮಾಡಿಸುವವರಿಂದಲೇ ಕಲಿತು ಬನ್ನಿ.