ಮಳೆಕಾಡಿನಲ್ಲಿ ಹೊಸ ರಸ್ತೆ, ಸೇತುವೆ: ತೋಟದ ನೀರಿನ ದೃಷ್ಟಿಯಿಂದ ಒಂದು ವಿಚಾರ

ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ಅಡಿಕೆ ತೋಟಗಳಿಗೆ ಬೇಸಿಗೆಯಲ್ಲಿ ಬರುವ ನೀರು ಬಹುಮಟ್ಟಿಗೆ ಮೇಲಿನ ಕಾನಿನ ನೀರು. ಮಳೆಗಾಲದಲ್ಲಿ ಕಾನಿನ ನೆಲ ಕುಡಿದದ್ದನ್ನೇ ಹಳ್ಳ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಆದುದರಿಂದ ಇಂತಹ ಕಾಡಿನಲ್ಲಿ ಹೊಸ ರಸ್ತೆ ಅಥವಾ ಸೇತುವೆ ಆಗಬೇಕೇ ಎಂಬ ಪ್ರಶ್ನೆ ಅರಣ್ಯ ಇಲಾಖೆಗೂ ಲೋಕೋಪಯೋಗಿ ಇಲಾಖೆಗೂ ಮಾತ್ರ ಸೇರಿದ್ದಲ್ಲ. ಕೆಳಗಿನ ತೋಟಗಾರನು ಅದನ್ನು ತನ್ನ ನೀರಿನ ಪ್ರಶ್ನೆಯೆಂದೇ ತಿಳಿಯಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಭಾಗದ ನದಿ ಕಣಿವೆಗಳಲ್ಲಿ ನಡೆಸಿದ ಅಧ್ಯಯನಗಳಿಂದ ಒಂದು ಮುಖ್ಯ ಸಂಗತಿ ತಿಳಿದುಬಂದಿದೆ. ಜಲಾನಯನದಲ್ಲಿ ಶೇ. 60ಕ್ಕೂ ಹೆಚ್ಚು ಭಾಗ ಸ್ಥಳೀಯ ಜಾತಿಯ ಕಾಡು ಇರುವ ಹಳ್ಳಗಳು 12 ತಿಂಗಳೂ ಹರಿಯುತ್ತವೆ. ಕಾಡು ಹಾಳಾದ ಕಡೆ ಹಳ್ಳ ಮಳೆಗಾಲ ಮುಗಿದ ಸ್ವಲ್ಪ ದಿನಗಳಲ್ಲೇ ಒಣಗುತ್ತದೆ. ಎರಡೂ ಕಡೆ ಬೀಳುವ ಮಳೆಯಲ್ಲಿ ಅಂತಹ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ನೆಲದಲ್ಲಿ.

ರಾಮಪತ್ರೆ ಜಡ್ಡಿ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇದಕ್ಕೆ ಒಳ್ಳೆಯ ಉದಾಹರಣೆ. ಹೊನ್ನಾವರದಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿ ಈ ಕಾಡಿನ ಮೂಲಕವೇ ಹಾದುಹೋಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಕಾಣುವುದು ದಟ್ಟ ಹಸಿರು ಮಾತ್ರ. ಒಳಗೆ ಹಳ್ಳದ ಬುಡಗಳಲ್ಲಿ ಸದಾ ನೀರು ನಿಂತ ಕೆಸರು ನೆಲವಿದೆ. ಇದನ್ನು ಜನ ಜಡ್ಡಿ ಎನ್ನುತ್ತಾರೆ. ಇಲ್ಲಿ ರಾಮಪತ್ರೆಯ ಜಾತಿಗೆ ಸೇರಿದ ದೊಡ್ಡ ಮರಗಳು ಬೆಳೆಯುತ್ತವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದ ಕಾರಣ ಕೆಲವು ಮರಗಳ ಬೇರು ಮಂಡಿ ಮಡಚಿದಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತದೆ, ಕೆಲವು ಮರಗಳು ಊರುಗೋಲಿನಂತಹ ಬೇರುಗಳ ಮೇಲೆ ನಿಲ್ಲುತ್ತವೆ. ಈ ಕಾಡಿನ ಹೆಸರನ್ನೇ ಹೊತ್ತ ಗೇರಿನ ಜಾತಿಯ ಒಂದು ಮರವನ್ನು ಸಸ್ಯವಿಜ್ಞಾನಿಗಳು ಇಲ್ಲಿಂದಲೇ ಗುರುತಿಸಿದರು.

ರಾಮಪತ್ರೆಯ ಬೀಜವನ್ನು ಭತ್ತದಂತೆ ಒಣಗಿಸಿ ಇಡಲು ಬರುವುದಿಲ್ಲ. ತೇವ ಆರಿದರೆ ಬೀಜ ಸಾಯುತ್ತದೆ. ಬೀಜವನ್ನು ದೂರಕ್ಕೆ ಒಯ್ಯುವುದು ಮಂಗಟ್ಟೆಯಂತಹ ದೊಡ್ಡ ಹಕ್ಕಿಗಳು. ಆದುದರಿಂದ ಒಮ್ಮೆ ಜಡ್ಡಿ ಬತ್ತಿದರೆ ಅಲ್ಲಿ ಅದೇ ಕಾಡು ಮತ್ತೆ ತಾನಾಗಿ ಬೆಳೆಯುವುದು ಬಹಳ ಕಷ್ಟ. ಇಂತಹ ಅನೇಕ ಜಡ್ಡಿಗಳು ಹಿಂದೆ ಗದ್ದೆ ತೋಟಗಳಾಗಿವೆ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಡು ಕಳೆದದ್ದು ರಸ್ತೆಯಿಂದ ಮಾತ್ರ ಎಂದರೆ ನ್ಯಾಯವಾಗದು. ಆದರೆ ತೋಟ ಜಡ್ಡಿಯ ನೀರನ್ನು ಬಳಸಿತು, ರಸ್ತೆಯು ನೀರಿನ ದಾರಿಯನ್ನೇ ಕತ್ತರಿಸುತ್ತದೆ.

ಈ ಭಾಗಕ್ಕೆ ಕಾನೂನಿನ ರಕ್ಷಣೆ ಇದೆ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಿಂಗಳೀಕಗಳಿಗಾಗಿ ಸಂರಕ್ಷಿತ ಮೀಸಲು ಪ್ರದೇಶವಾಯಿತು. 2019ರಲ್ಲಿ ಇದನ್ನು ಶರಾವತಿ ಕಣಿವೆಯ ವನ್ಯಜೀವಿಧಾಮದೊಡನೆ ಸೇರಿಸಿ 900 ಚದರ ಕಿಲೋಮೀಟರಿಗೂ ಮಿಕ್ಕಿದ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ. ರಸ್ತೆಗಾಗಿ ಮೇಲಿನ ಕೊಂಬೆಗಳ ಹೊದಿಕೆ ಹರಿದರೆ ಅದು ನೆಲಕ್ಕಿಳಿಯಬೇಕಾಗುತ್ತದೆ, ವಾಹನಕ್ಕೆ ಸಿಕ್ಕುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಇದಕ್ಕಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಿದ್ದಾರೆ. ಇದು ಒಳ್ಳೆಯ ಕೆಲಸವೇ. ಆದರೆ ಆಗಲೇ ಇರುವ ರಸ್ತೆಗೆ ಅದು ಪರಿಹಾರವಾದೀತೇ ಹೊರತು ಹೊಸ ರಸ್ತೆ ಮಾಡಲು ಸಮರ್ಥನೆಯಾಗಲಾರದು.

ರಸ್ತೆಯಿಂದ ನೀರಿಗೆ ಆಗುವುದೇನು?

ಮಲೆನಾಡಿನ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಅನೇಕ ಕಡೆ ಮೆತ್ತನೆಯ ಶೇಡಿ ಮಣ್ಣು ಇರುತ್ತದೆ. ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದಾಗ ಅಂಬಲಿ. ರಸ್ತೆಗಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗ ಈ ಮಣ್ಣು ಮಳೆಗೆ ತೆರೆದುಕೊಳ್ಳುತ್ತದೆ, ಮೇಲಿನ ಭಾರಕ್ಕೆ ಆಸರೆಯೂ ತಪ್ಪುತ್ತದೆ. ಧರೆ ಕುಸಿಯುವುದು ಹೀಗೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಹಾನಿಯಾದುದನ್ನು ಓದುಗರು ಮರೆತಿರಲಾರರು.

ಕುಸಿತ ಎಲ್ಲರ ಕಣ್ಣಿಗೆ ಕಾಣುತ್ತದೆ. ಇನ್ನೊಂದು ನಷ್ಟ ಕಾಣುವುದಿಲ್ಲ. ಗುಡ್ಡದ ಒಳಗೆ ನಿಧಾನವಾಗಿ ಇಳಿಯುತ್ತಿದ್ದ ಒರತೆ ನೀರು, ಧರೆ ಕಡಿದ ಜಾಗದಲ್ಲಿ ಹೊರಬಿದ್ದು ರಸ್ತೆಯ ಚರಂಡಿಗೆ ಸೇರುತ್ತದೆ. ತಿಂಗಳುಗಟ್ಟಲೆ ನೆಲದಲ್ಲಿ ಇರಬೇಕಾದ ನೀರು ಕೆಲವೇ ಗಂಟೆಗಳಲ್ಲಿ ಮೋರಿ ದಾಟಿ ಹೊಳೆಗೆ ಹೋಗುತ್ತದೆ. ಇದರ ಜೊತೆಗೆ ರಸ್ತೆಯ ಮೇಲೆ ಬಿದ್ದ ಮಳೆಯ ಲೆಕ್ಕ ನೋಡಿ. 7 ಮೀಟರು ಅಗಲದ ಡಾಂಬರು ರಸ್ತೆಯ 1 ಕಿಲೋಮೀಟರಿನ ಮೇಲೆ 100 ಮಿಲಿಮೀಟರು ಮಳೆಯಾದರೆ 7 ಲಕ್ಷ ಲೀಟರು ನೀರಾಗುತ್ತದೆ. ಘಟ್ಟದ ಮೇಲೆ ಇಷ್ಟು ಮಳೆ ಒಂದೇ ದಿನದಲ್ಲಿ ಬರುವುದು ಅಪರೂಪವಲ್ಲ. ಈ ನೀರೆಲ್ಲ ಎರಡು ಮೂರು ಮೋರಿಗಳ ಬಾಯಿಯಲ್ಲಿ ಒಟ್ಟಾಗಿ ಧುಮುಕಿದರೆ ಕೆಳಗೆ ಕೊರಕಲು ಬೀಳದೆ ಇರದು.

ಇನ್ನು ಅಗೆದ ಮಣ್ಣು. ಇಳಿಜಾರಿನಲ್ಲಿ 5 ಮೀಟರು ಅಗಲ, ಒಳಬದಿ 3 ಮೀಟರು ಎತ್ತರಕ್ಕೆ ಕಡಿದರೆ 1 ಕಿಲೋಮೀಟರಿಗೆ ಸುಮಾರು 7,500 ಘನ ಮೀಟರು ಮಣ್ಣು ಏಳುತ್ತದೆ. 10 ಘನ ಮೀಟರು ಹಿಡಿಯುವ ಟಿಪ್ಪರಿನಲ್ಲಿ ಇದು 750 ಲೋಡು. ಅಗೆದ ಮಣ್ಣು ಉಬ್ಬುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಇದನ್ನು ಎಲ್ಲಿ ಹಾಕುತ್ತೀರಿ ಎಂದು ಗುತ್ತಿಗೆದಾರರನ್ನು ಮೊದಲೇ ಕೇಳಬೇಕು. ಕೇಳದಿದ್ದರೆ ಅದು ಪಕ್ಕದ ಕಣಿವೆಗೆ ಹೋಗುತ್ತದೆ, ಅಲ್ಲಿಂದ ಒಂದೆರಡು ಮಳೆಗಾಲದಲ್ಲಿ ತೋಟದ ಕಾದಿಗೆಗೆ ಬರುತ್ತದೆ.

ಬಿಸಿಲು ಬಿದ್ದ ರಸ್ತೆ ಬದಿಯಲ್ಲಿ ಕಮ್ಯುನಿಸ್ಟ್ ಗಿಡ, ಲಂಟಾನ ಮೊದಲಾದ ಕಳೆಗಳು ಹಬ್ಬುವುದನ್ನು ಎಲ್ಲರೂ ಬಲ್ಲರು. ಅವು ಅಲ್ಲಿಗೇ ನಿಲ್ಲದೆ ಸೊಪ್ಪಿನ ಬೆಟ್ಟಕ್ಕೂ ಬರುತ್ತವೆ.

ಸೇತುವೆಯ ಮಾತು

ಮಲೆನಾಡಿನ ರೈತನಿಗೆ ರಸ್ತೆಯೇ ಬೇಡ ಎನ್ನುವುದು ಪಟ್ಟಣದಲ್ಲಿ ಕುಳಿತು ಹೇಳುವ ಮಾತು. ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರದ ಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ಶಾಲೆಗೆ ಹೋಗುವ ಊರುಗಳು ಇನ್ನೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿ ಭಾಗದ ಜನ ಹಿನ್ನೀರು ದಾಟಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚನ್ನೇ ಕಾಯಬೇಕಾಯಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ನಾಡಿಗೆ ಬೆಳಕು ಕೊಡಲು ಮುಳುಗಿದ ಊರಿನವರಿಗೆ ಇದು ಬಹಳ ತಡವಾಗಿ ಸಂದ ಹಕ್ಕೆಂದೇ ಹೇಳಬೇಕು.

ಆದರೆ ಸೇತುವೆಯ ಪರಿಣಾಮ ದಡದಲ್ಲಿ ಮುಗಿಯುವುದಿಲ್ಲ. ಲಾಂಚು ದಿನಕ್ಕೆ ಇಷ್ಟೇ ವಾಹನ ಎಂದು ತಾನಾಗಿಯೇ ಮಿತಿ ಹಾಕುತ್ತಿತ್ತು. ಸೇತುವೆಗೆ ಅಂತಹ ಮಿತಿ ಇಲ್ಲ. ವಾಹನ ಹೆಚ್ಚಿದಂತೆ ಆಚೆಯ ಕಾಡುದಾರಿಯನ್ನು ಅಗಲ ಮಾಡಬೇಕು, ತಿರುವು ನೇರ ಮಾಡಬೇಕು ಎಂಬ ಬೇಡಿಕೆ ಬರುವುದು ಸಹಜ. ಜನರಿಗಾಗಿ ಆದ ಸೇತುವೆಯನ್ನೂ, ಅದರ ನೆಪದಲ್ಲಿ ಕಾಡಿನೊಳಗೆ ಬರುವ ಅಗಲ ರಸ್ತೆಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಯೋಜಿಸಲಾದ 2000 ಮೆಗಾವ್ಯಾಟಿನ ಭೂಗತ ವಿದ್ಯುದಾಗಾರಕ್ಕೂ ಇದೇ ಅಳತೆ ಅನ್ವಯಿಸುತ್ತದೆ. ವಿದ್ಯುದಾಗಾರ ಭೂಮಿಯೊಳಗಿದ್ದರೂ ಅಲ್ಲಿಗೆ ಯಂತ್ರ ಒಯ್ಯುವ ರಸ್ತೆ ಭೂಮಿಯ ಮೇಲೆಯೇ ಆಗಬೇಕಷ್ಟೆ.

ಗ್ರಾಮಸಭೆ ಏನು ಮಾಡಬಹುದು?

2006ರ ಅರಣ್ಯ ಹಕ್ಕು ಕಾಯಿದೆಯಂತೆ ಹಳ್ಳಿಯ ರಸ್ತೆ, ಶಾಲೆ, ಕುಡಿಯುವ ನೀರಿನ ಕೊಳವೆ ಮೊದಲಾದ ಸೌಕರ್ಯಗಳಿಗೆ ಪ್ರತಿ ಪ್ರಕರಣದಲ್ಲಿ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. 10 ಮೀಟರು ಅಗಲದ 1 ಕಿಲೋಮೀಟರು ರಸ್ತೆ ಎಂದರೆ 1 ಹೆಕ್ಟೇರು. ದಟ್ಟ ಕಾನಿನಲ್ಲಿ ಹೆಕ್ಟೇರಿಗೆ ನೂರಾರು ಮರಗಳಿರುವುದರಿಂದ ಅಲ್ಲಿ ಈ ಮಿತಿಯೊಳಗೆ ರಸ್ತೆ ಕಡಿಯುವುದು ಸಾಧ್ಯವಿಲ್ಲ. ಹಳ್ಳಿಗೆ ಬೇಕಾದ ಕಾಲುಸಂಕ, ಹಳೆಯ ಬಂಡಿ ದಾರಿಯ ದುರಸ್ತಿ ಇವುಗಳಿಗೆ ಮಾತ್ರ ಈ ಕಾಯಿದೆಯಲ್ಲಿ ಸಾಕಷ್ಟು ಜಾಗವಿದೆ. ಉದ್ದನೆಯ ರಸ್ತೆಯನ್ನು ತುಂಡು ಮಾಡಿ ಒಂದೊಂದನ್ನೇ ಗ್ರಾಮಸಭೆಯ ಮುಂದೆ ತಂದರೆ ಪೂರ್ಣ ನಕ್ಷೆ ತೋರಿಸಿ ಎಂದು ಕೇಳುವುದು ಯೋಗ್ಯ.

ದೊಡ್ಡ ಕಾಮಗಾರಿಗೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಅಭಯಾರಣ್ಯದೊಳಗಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೆಯೂ ಹೋಗಬೇಕು. ಈ ಅರ್ಜಿಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಡಬಹುದು. ವಿಸ್ತರಣಾ ಕಾರ್ಯಕರ್ತರು ಇದನ್ನು ತೆಗೆದು ಊರಿನವರಿಗೆ ಓದಿ ಹೇಳಿದರೆ ದೊಡ್ಡ ಉಪಕಾರ.

ನಿರ್ಣಯ ಬರೆಯುವ ಮೊದಲು ಉದ್ದೇಶಿತ ದಾರಿಯಲ್ಲಿ ಎರಡು ಸಲ ನಡೆಯಬೇಕು, ಆಗಸ್ಟಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ. ಮಳೆಗಾಲದಲ್ಲಿ ಎಲ್ಲ ಕಡೆ ನೀರೇ ಕಾಣುವುದರಿಂದ ನಿಜವಾದ ಒರತೆ ಯಾವುದೆಂದು ತಿಳಿಯುವುದು ಮಾರ್ಚಿನಲ್ಲಿಯೇ. ಒರತೆ, ಜಡ್ಡಿ, ಅಬ್ಬಿ ನೀರಿನ ಮೂಲ, ಹಿಂದೆ ಧರೆ ಕುಸಿದ ಜಾಗ ಇವನ್ನು ಸರ್ವೆ ನಂಬರು ಸಹಿತ ನಕ್ಷೆಯಲ್ಲಿ ಗುರುತಿಸಿ, ಯಾವ ನೀರು ಯಾರ ತೋಟಕ್ಕೆ ಬರುತ್ತದೆ ಎಂದು ಬರೆಯಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಗೂ ಇದನ್ನು ಸೇರಿಸಬೇಕು. ಬರೀ ‘ಕಾಡು ಉಳಿಸಿ’ ಎಂಬ ಮನವಿಗಿಂತ ಇಂತಹ ನಕ್ಷೆಗೆ ಕಚೇರಿಯಲ್ಲಿ ಹೆಚ್ಚು ಬೆಲೆ ಇದೆ.

ಇರುವ ರಸ್ತೆಯನ್ನೇ ದುರಸ್ತಿ ಮಾಡುವಾಗಲೂ ಸಣ್ಣ ಪೈಪಿನ ಮೋರಿಗೆ ಒಪ್ಪಬಾರದು. ಕಾನಿನ ಹಳ್ಳದಲ್ಲಿ ನೀರಿನೊಂದಿಗೆ ಕೊಂಬೆ, ದರಕು, ಕಲ್ಲು ಬಂದು ಪೈಪು ಕಟ್ಟಿಕೊಳ್ಳುತ್ತದೆ. ಹಳ್ಳದ ತಳವನ್ನು ಹಾಗೆಯೇ ಬಿಟ್ಟು, ಹಳ್ಳದಷ್ಟೇ ಅಗಲದ ಚಪ್ಪಡಿ ಮೋರಿ ಹಾಕುವುದು ಉತ್ತಮ. ಮೋರಿಯ ಹೊರಬಾಯಿಗೆ ಕಲ್ಲು ಹಾಸಿದರೆ ಕೊರಕಲು ಬೀಳುವುದಿಲ್ಲ.

ಈಗಾಗಲೇ ತೋಟಕ್ಕೆ ರಸ್ತೆ ಮಣ್ಣು ಬಂದಿದ್ದರೆ, ಮಳೆ ಹೊಳವಾದ ಕೂಡಲೇ ಮರದ ಬುಡದಿಂದ ಅದನ್ನು ಸರಿಸಿ ಕಾದಿಗೆಗಳನ್ನು ಮೊದಲಿನ ಆಳಕ್ಕೆ ಬಿಡಿಸಬೇಕು. ನೀರು ಬಸಿಯದೆ ನಿಂತ ತೋಟದಲ್ಲಿ ಅಣಬೆ ರೋಗ ಬೇಗ ಹರಡುತ್ತದೆ. ತೆಗೆದ ಮಣ್ಣನ್ನು ಹಳ್ಳದ ದಂಡೆಯ ಮೇಲೆ ರಾಶಿ ಹಾಕಬಾರದು.