ಸೂಜಿಯ ಕಾಯಕ ಮತ್ತು ಸವಾಲಿನ ಕೌದಿ

ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ದಾರವೋಡಿಸಿ ಮಾಡಿದ ಕೌದಿಯನ್ನು ಹೊದೆಯದೆ ಬೆಳೆದವರು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವಿರಳ. ಕೌದಿಯನ್ನು ನಾವು ಕಲೆಯೆಂದು ಕರೆದವರಲ್ಲ. ಚಳಿಗೆ ಹೊದಿಕೆಯೆಂದೂ ಕೂಸಿಗೆ ಹಾಸಿಗೆಯೆಂದೂ ಬಳಸಿಕೊಂಡು ಬಂದವರು. ಅಮೆರಿಕ ದೇಶದಲ್ಲಿಯೂ ಇದಕ್ಕೆ ಸೋದರಿಯಂತಿರುವ ವಸ್ತುವೊಂದುಂಟು. ಅದರ ಹೆಸರು ಕ್ವಿಲ್ಟ್. ಮೇಲೆ ತುಂಡುಗಳನ್ನು ಜೋಡಿಸಿದ ಬಟ್ಟೆ, ನಡುವೆ ಹತ್ತಿಯ ಅಥವಾ ಉಣ್ಣೆಯ ತೆಳುವಾದ ಪದರ, ಕೆಳಗೆ ಅಸ್ತರಿನ ಬಟ್ಟೆ, ಈ ಮೂರನ್ನೂ ಒಂದಾಗಿ ಹಿಡಿಯುವ ಹೊಲಿಗೆ. ಇಷ್ಟಾದರೆ ಕ್ವಿಲ್ಟ್ ಆಯಿತು. ಆ ದೇಶದ ಊರೂರುಗಳಲ್ಲಿ ಇದನ್ನು ಹೊಲಿಯುವವರು ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಆ ಸಂಘಕ್ಕೆ ಗಿಲ್ಡ್ ಎನ್ನುವರು. ಗಿಲ್ಡು ತನ್ನ ಸದಸ್ಯರ ಮುಂದೆ ಆಗಾಗ ಒಂದು ಸವಾಲನ್ನು ಇಡುವ ವಾಡಿಕೆಯುಂಟು. ಆ ಸವಾಲಿಗೆ ಉತ್ತರವಾಗಿ ಹಾಸಿಗೆಗೂ ಹೊದಿಕೆಗೂ ಸಲ್ಲದ, ಗೋಡೆಯ ಮೇಲೆ ತೂಗುವ, ಹಿಂದಿನವರು ಕಂಡರಿಯದ ಮಾದರಿಯ ಕ್ವಿಲ್ಟನ್ನು ಮಾಡುವವರೂ ಇದ್ದಾರೆ. ಅದರ ಕ್ರಮವನ್ನೂ, ಅದರ ಹಿಂದಿರುವ ಒಂದು ಕಹಿಯಾದ ವೃತ್ತಾಂತವನ್ನೂ ಇಲ್ಲಿ ವಿಚಾರಿಸೋಣ. ಕೈಗೆಲಸವನ್ನು ಗೌರವಿಸುವ ವಾಚಕರಿಗೆ ಈ ವಿಷಯವು ದೂರದ್ದೆಂದು ತೋರಲಾರದು.

ಸವಾಲೆಂದರೇನು? ಸಂಘವು ಎಲ್ಲರಿಗೂ ಒಂದೇ ಬಟ್ಟೆಯ ತುಂಡನ್ನು ಹಂಚುವುದು ಒಂದು ಬಗೆ. 'ನೀರು', 'ಮನೆ', 'ದಾರಿ' ಎಂಬಂತಹ ಒಂದು ಮಾತನ್ನು ಕೊಟ್ಟು ಅದನ್ನು ಬಟ್ಟೆಯಲ್ಲಿ ಹೇಳಿರೆನ್ನುವುದು ಇನ್ನೊಂದು ಬಗೆ. ಅಳತೆಯನ್ನೂ ಗಡುವನ್ನೂ ಸಂಘವೇ ಗೊತ್ತುಮಾಡುತ್ತದೆ. ಹಂಚುವ ಬಟ್ಟೆಯಾದರೋ ಎಷ್ಟೋ ವೇಳೆ ಯಾರೂ ತಾವಾಗಿ ಕೊಳ್ಳದಂತಹುದು, ಕಣ್ಣಿಗೆ ಒಗ್ಗದ ಬಣ್ಣದ್ದು. ಅದನ್ನು ಮೇಲ್ಮುಖದಲ್ಲಿ ಕಾಣುವಂತೆ ಬಳಸಲೇಬೇಕು, ಮೂರು ಪದರವಿರಲೇಬೇಕು. ಇಷ್ಟನ್ನು ಬಿಟ್ಟರೆ ಉಳಿದುದೆಲ್ಲ ಹೊಲಿಯುವವರ ಸ್ವಾತಂತ್ರ್ಯ. ಇಷ್ಟು ಕಡಿಮೆ ಕಟ್ಟುಪಾಡಿದ್ದರೂ ಸಂಘದ ಹಲವರು ತಮಗೆ ಬಾಯಿಪಾಠವಾದ ನಕ್ಷತ್ರದ, ಚೌಕದ ಮಾದರಿಗಳಿಗೇ ಮರಳುವರು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಸವಾಲಿನ ಬಟ್ಟೆಯನ್ನು ನಿಜವಾಗಿ ಪ್ರಶ್ನೆಯೆಂದು ಎತ್ತಿಕೊಂಡವರ ದಾರಿ ಬೇರೆ.

ಒಪ್ಪದ ಬಟ್ಟೆಯನ್ನು ಒಪ್ಪಿಸಿಕೊಳ್ಳುವ ಉಪಾಯಗಳನ್ನು ನೋಡಿರಿ. ಬಣ್ಣವು ಅತಿಯಾಗಿ ಉರಿಯುತ್ತಿದ್ದರೆ ಬಟ್ಟೆಯನ್ನು ಮಗುಚಿ ಹಿಂಬದಿಯ ಮಂಕು ಮುಖವನ್ನೇ ಮೇಲೆ ಮಾಡುವರು. ಅಥವಾ ಪಾರದರ್ಶಕವಾದ ಆರ್ಗಂಜಾ ಬಟ್ಟೆಯನ್ನು ಅದರ ಮೇಲೆ ಹೊದಿಸುವರು. ಅಥವಾ ಇಡಿಯ ತುಂಡನ್ನು ಮತ್ತೊಂದು ಬಣ್ಣದಲ್ಲಿ ಅದ್ದುವರು. ಕೆಲವರು ಅದನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಕಪ್ಪುಬಟ್ಟೆಯ ನಡುವೆ ಬೆಳಕಿನ ಗೆರೆಗಳಂತೆ ಇರಿಸುವರು. ಆಗ ಅದೇ ಅಸಹ್ಯವಾದ ಕಿತ್ತಳೆ ಬಣ್ಣವು ಕಿಟಕಿಯೊಳಗಣ ದೀಪವಾದೀತು. ಕೃತಕ ನೂಲಿನ ಬಟ್ಟೆಯ ಅಂಚನ್ನು ಬಿಸಿಯಿಂದ ಕರಗಿಸಿ ಸುರುಟಿಸುವುದೂ ಉಂಟು. ಹತ್ತಿಯಾದರೆ ಕರಗದೆ ಉರಿದುಹೋಗುವುದರಿಂದ ಮೊದಲು ಒಂದು ಎಳೆಯನ್ನು ಸುಟ್ಟು ಪರೀಕ್ಷಿಸಿಕೊಳ್ಳತಕ್ಕದ್ದು.

ಹೊಲಿಗೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ನಿಲ್ಲಬೇಕಾಗಿದೆ. ಏಕೆಂದರೆ ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ. ಹೊಲಿಗೆಯ ಯಂತ್ರದಲ್ಲಿ ಬಟ್ಟೆಯನ್ನು ಮುಂದೊಯ್ಯುವ ಹಲ್ಲುಗಳನ್ನು ಕೆಳಗಿಳಿಸಿಬಿಟ್ಟರೆ ಬಟ್ಟೆಯು ತಾನಾಗಿ ಸರಿಯದು. ಎರಡು ಅಂಗೈಗಳಿಂದ ಅದನ್ನು ಬೇಕಾದತ್ತ ಸರಿಸುತ್ತ ಹೋಗಬಹುದು. ಆಗ ಸೂಜಿಯು ಲೇಖನಿಯಾಗುತ್ತದೆ. ಆದರೆ ಇಲ್ಲಿ ಸೂಜಿ ನಿಂತಲ್ಲಿಯೇ ಇದ್ದು ಕಾಗದವೇ ಚಲಿಸುವ ವಿಚಿತ್ರ ಬರವಣಿಗೆಯಿದು. ಕೈ ವೇಗವಾದರೆ ಹೊಲಿಗೆ ಉದ್ದವಾಗುವುದು, ನಿಧಾನವಾದರೆ ಮೊಳೆಯ ತಲೆಯಂತೆ ಗಂಟುಗಟ್ಟುವುದು. ಕೈಗೂ ಯಂತ್ರಕ್ಕೂ ಹೊಂದಿಕೆ ಬರಲು ತಿಂಗಳುಗಳ ಅಭ್ಯಾಸ ಬೇಕು. ಇನ್ನೊಂದು ಅಪಾಯವೂ ಉಂಟು. ಹೊಲಿಗೆಯು ದಟ್ಟವಾದ ಕಡೆ ಬಟ್ಟೆಯು ಒಳಕ್ಕೆ ಜಗ್ಗಿಕೊಳ್ಳುತ್ತದೆ. ವಿರಳವಾದ ಕಡೆ ಉಬ್ಬುತ್ತದೆ. ಹಾಸಿಗೆಯ ಮೇಲೆ ಈ ಏರುತಗ್ಗು ಕಾಣದು. ಗೋಡೆಗೆ ತೂಗಿಸಿದೊಡನೆ ಅಂಚುಗಳು ಅಲೆಅಲೆಯಾಗಿ ಎದ್ದು ನಿಲ್ಲುವುವು. ಆದುದರಿಂದ ನಡುವಿನಲ್ಲಿ ಒಂದು ಮುಖವನ್ನೋ ಮರವನ್ನೋ ದಟ್ಟವಾಗಿ ಹೊಲಿದವರು ಸುತ್ತಲಿನ ಬಯಲಿನಲ್ಲಿಯೂ ಅಷ್ಟಕ್ಕೆ ಸಮೀಪವಾದ ಹೊಲಿಗೆಯನ್ನು ಹರಡಬೇಕು. ಕಡೆಯಲ್ಲಿ ಕ್ವಿಲ್ಟನ್ನು ಒದ್ದೆಮಾಡಿ, ಸಮತಟ್ಟಾದ ನೆಲದ ಮೇಲೆ ಮೂಲೆಗಳನ್ನು ನೇರಗೊಳಿಸಿ, ಗುಂಡುಸೂಜಿಗಳಿಂದ ಬಿಗಿದು ಒಣಗಿಸಬೇಕು. ಬಣ್ಣ ಬಿಡುವ ಬಟ್ಟೆಯಿದ್ದರೆ ಇದನ್ನು ಮೊದಲೇ ಯೋಚಿಸಿಕೊಂಡಿರಬೇಕಷ್ಟೆ. ಅಂಚಿಗೆ ಪಟ್ಟಿ ಕಟ್ಟುವ ಹಳೆಯ ಪದ್ಧತಿಯನ್ನು ಬಿಟ್ಟು, ಒಳಪಟ್ಟಿಯನ್ನು ಹಿಂದಕ್ಕೆ ಮಡಿಸಿ ಹೊಲಿದರೆ ಚಿತ್ರವು ಚೌಕಟ್ಟಿಲ್ಲದೆ ಅಂಚಿನವರೆಗೂ ಸಾಗುವುದು. ಹಿಂಬದಿಯ ಮೇಲ್ಭಾಗದಲ್ಲಿ ಕೋಲು ತೂರಿಸಲು ಬಟ್ಟೆಯ ಕೊಳವೆಯೊಂದನ್ನು ಹೊಲಿದರೆ ಕೆಲಸವು ಮುಗಿಯಿತು.

ಸಂಪ್ರದಾಯವನ್ನು ಬಿಟ್ಟವರು ಶ್ರಮವನ್ನು ಬಿಟ್ಟವರಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಳೆಯ ಮಾದರಿಯಲ್ಲಿ ತಪ್ಪನ್ನು ಹಿಡಿಯುವುದು ಸುಲಭ. ಮೂಲೆಗೆ ಮೂಲೆ ಕೂಡಿತೇ ಇಲ್ಲವೇ ಎಂದು ಯಾರೂ ನೋಡಬಹುದು. ಹೊಸದರಲ್ಲಿ ನೋಡುವವನಿಗೆ ಅಂತಹ ಅಳತೆಗೋಲು ಇರುವುದಿಲ್ಲ. ಅವನು ತಾನೂ ಯೋಚಿಸಬೇಕಾಗುತ್ತದೆ. ಹಾಗೆ ಯೋಚಿಸಲು ಒಪ್ಪದವರ ಕೈಗೆ ತೀರ್ಪು ಸಿಕ್ಕಿದರೆ ಏನಾಗಬಹುದೆಂಬುದಕ್ಕೆ 1933ರಲ್ಲಿ ಚಿಕಾಗೋ ನಗರದಲ್ಲಿ ನಡೆದುದೇ ನಿದರ್ಶನ.

ಚಿಕಾಗೋ ಊರಾಗಿ ಸ್ಥಾಪನೆಗೊಂಡು ಆ ವರ್ಷಕ್ಕೆ ನೂರು ವರ್ಷ ತುಂಬಿತ್ತು. 'ಪ್ರಗತಿಯ ಶತಮಾನ' ಎಂಬ ಹೆಸರಿನಲ್ಲಿ ಅಲ್ಲಿ ಮಹಾಪ್ರದರ್ಶನವೊಂದು ಮೇ 27ರಂದು ಆರಂಭವಾಯಿತು. ಸ್ವಾತೀ ನಕ್ಷತ್ರದ ಬೆಳಕನ್ನು ದೂರದರ್ಶಕದಿಂದ ಹಿಡಿದು, ಅದರಿಂದ ಹುಟ್ಟಿದ ವಿದ್ಯುತ್ಸಂಕೇತದಿಂದ ಪ್ರದರ್ಶನದ ದೀಪಗಳನ್ನು ಹೊತ್ತಿಸಿದರೆಂದರೆ ಅದರ ವೈಭವವನ್ನು ಊಹಿಸಬಹುದು. ಹೊರಗೆ ಮಾತ್ರ ದೇಶವು ಆರ್ಥಿಕ ಮುಗ್ಗಟ್ಟಿನಲ್ಲಿ ತತ್ತರಿಸುತ್ತಿತ್ತು. ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬರು ಕೆಲಸವಿಲ್ಲದವರು. ಈ ಸಂದರ್ಭದಲ್ಲಿ ಸಿಯರ್ಸ್, ರೋಬಕ್ ಎಂಬ ದೊಡ್ಡ ವ್ಯಾಪಾರದ ಸಂಸ್ಥೆಯು ಕ್ವಿಲ್ಟ್ ಸ್ಪರ್ಧೆಯೊಂದನ್ನು ಸಾರಿತು. ಬಹುಮಾನಗಳ ಒಟ್ಟು ಮೊತ್ತ 7,500 ಡಾಲರು. ಮಹಾಬಹುಮಾನ 1,000 ಡಾಲರು. ಎಷ್ಟೋ ಒಕ್ಕಲು ಕುಟುಂಬಗಳು ವರ್ಷವಿಡೀ ದುಡಿದರೂ ಕಾಣದ ಹಣವದು. ಮಹಾಬಹುಮಾನ ಪಡೆದ ಕ್ವಿಲ್ಟು ಪ್ರದರ್ಶನದ ವಿಷಯವನ್ನೇ ಚಿತ್ರಿಸುವ ಹೊಸ ರಚನೆಯಾಗಿದ್ದರೆ ಇನ್ನೂ 200 ಡಾಲರು ಹೆಚ್ಚಾಗಿ ಕೊಡುವೆವೆಂದೂ ಸಾರಿದರು. ವರ್ಷದ ಮೊದಲಲ್ಲಿ ಪ್ರಕಟಣೆ, ಮೇ 15ಕ್ಕೆ ಗಡುವು. ಅಷ್ಟರೊಳಗೆ ಬಂದು ಸೇರಿದ ಕ್ವಿಲ್ಟುಗಳು 24,000ಕ್ಕಿಂತ ಹೆಚ್ಚು.

ಆ 200 ಡಾಲರಿನ ಮಾತನ್ನು ನಂಬಿ ಎಷ್ಟೋ ಮಂದಿ ಹೆಣ್ಣುಮಕ್ಕಳು ತಾಯಿಯಿಂದ ಕಲಿತ ಮಾದರಿಗಳನ್ನು ಬದಿಗಿಟ್ಟರು. ಮರದ ದಿಮ್ಮಿಗಳ ಕೋಟೆ ಗಗನಚುಂಬಿ ಕಟ್ಟಡವಾದುದನ್ನೂ, ಎತ್ತಿನ ಬಂಡಿ ವಿಮಾನವಾದುದನ್ನೂ ಬಟ್ಟೆಯಲ್ಲಿ ಕತ್ತರಿಸಿ ಹೊಲಿದರು. ಇಂತಹುದಕ್ಕೆ ನೋಡಿ ಬರೆಯಲು ಹಳೆಯ ನಕ್ಷೆಯಿಲ್ಲ. ಎಲ್ಲವನ್ನೂ ತಾವೇ ಕಲ್ಪಿಸಬೇಕು, ಅದೂ ನಾಲ್ಕೂವರೆ ತಿಂಗಳೊಳಗೆ, ಮನೆಗೆಲಸದ ಬಿಡುವಿನಲ್ಲಿ. ಕಡೆಗೆ ಪ್ರಾಂತ ಪ್ರಾಂತಗಳಿಂದ ಆಯ್ದ 30 ಕ್ವಿಲ್ಟುಗಳು ಚಿಕಾಗೋವನ್ನು ಮುಟ್ಟಿದುವು. ಸೂಜಿಗೆಲಸದ ವಿಷಯವಾಗಿ ಪತ್ರಿಕೆಯಲ್ಲಿ ಬರೆದು ಪ್ರಸಿದ್ಧಳಾಗಿದ್ದ ಆನ್ ಆರ್ ಎಂಬಾಕೆಯೂ ತೀರ್ಪುಗಾರರಲ್ಲೊಬ್ಬಳು. ಮಹಾಬಹುಮಾನವು ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ ಊರಿನ ಮಾರ್ಗರೆಟ್ ರೋಜರ್ಸ್ ಕೇಡನ್ ಎಂಬಾಕೆಯ ಕ್ವಿಲ್ಟಿಗೆ ಸಂದಿತು. ಅದು ಸಂಪ್ರದಾಯದ ನಕ್ಷತ್ರದ ಮಾದರಿ. ಹೊಲಿಗೆ ಅತಿ ಸೂಕ್ಷ್ಮ, ಹತ್ತಿ ತುಂಬಿ ಉಬ್ಬಿಸಿದ ಕುಸುರಿ ಅತಿ ಅಚ್ಚುಕಟ್ಟು. 200 ಡಾಲರು ಸಂಸ್ಥೆಯ ಪೆಟ್ಟಿಗೆಯಲ್ಲಿಯೇ ಉಳಿಯಿತು. ಹೊಸತನ್ನು ಕೇಳಿದವರು ಹಳೆಯದಕ್ಕೇ ಮಣೆ ಹಾಕಿದರು. ಕೇಳದೆಯೇ ಇದ್ದಿದ್ದರೆ ಯಾರೂ ದೂರುತ್ತಿರಲಿಲ್ಲ. ಕೇಳಿ, ಹೊಲಿಸಿ, ಬಳಿಕ ಕಣ್ಣೆತ್ತಿ ನೋಡದಿದ್ದುದು ಅನ್ಯಾಯವೆಂದೇ ಹೇಳಬೇಕು.

ಇದಕ್ಕಿಂತ ಆಳವಾದ ಸಂಗತಿಯೊಂದು ಬಹುಕಾಲ ಮುಚ್ಚಿಹೋಗಿತ್ತು. ಬಾರ್ಬರಾ ಬ್ರಾಕ್‌ಮನ್ ಮತ್ತು ಮೆರಿಕೇ ವಾಲ್ಡ್‌ವೋಗೆಲ್ ಎಂಬ ಸಂಶೋಧಕಿಯರು ಈ ಸ್ಪರ್ಧೆಯ ಕ್ವಿಲ್ಟುಗಳನ್ನು ಊರೂರು ಹುಡುಕಿ 1993ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಜನರ ತಿಳಿವಿಗೆ ಬಂದಿತು. ಮಾರ್ಗರೆಟ್ ಕೇಡನ್ ಕೈಗೆಲಸದ ವಸ್ತುಗಳ ಅಂಗಡಿಯನ್ನು ನಡೆಸುತ್ತಿದ್ದವಳು. ಬಹುಮಾನದ ಆ ಕ್ವಿಲ್ಟಿನಲ್ಲಿ ಆಕೆಯ ಕೈಯ ಹೊಲಿಗೆ ಒಂದೂ ಇರಲಿಲ್ಲ. ಕೂಲಿಗೆ ಹೊಲಿಯುವ ಕೆಂಟಕಿಯ ಬೇರೆ ಹೆಣ್ಣುಮಕ್ಕಳು ಅದನ್ನು ಹೊಲಿದಿದ್ದರು. ಸಾವಿರ ಡಾಲರು ಆಕೆಗೆ ಸಂದಿತು. ಅವರಿಗೆ ಅದರಲ್ಲಿ ಪಾಲು ಬರಲಿಲ್ಲ. ಅವರೇಕೆ ಬಾಯಿ ಬಿಡಲಿಲ್ಲ? ಬಿಟ್ಟಿದ್ದರೆ ನಾಳಿನ ಕೆಲಸ ತಪ್ಪುತ್ತಿತ್ತು. ಮುಗ್ಗಟ್ಟಿನ ಆ ದಿನಗಳಲ್ಲಿ ಕೂಲಿಯೇ ಅನ್ನ.

ಮಾಡಿಸುವವರೂ ಮಾಡುವವರೂ ಬೇರೆಬೇರೆಯಾಗಿರುವುದು ಲೋಕದಲ್ಲಿ ಹೊಸದಲ್ಲ, ತಪ್ಪೂ ಅಲ್ಲ. ನಮ್ಮಲ್ಲಿಯೂ ಮನೆಯ ಹಳೆಯ ಬಟ್ಟೆಗಳನ್ನು ಕೊಟ್ಟು, ಊರೂರು ತಿರುಗಿ ಹೊಲಿಯುವ ಹೆಣ್ಣುಮಕ್ಕಳಿಂದ ಕೌದಿಯನ್ನು ಹೊಲಿಸಿಕೊಳ್ಳುವುದುಂಟು. ಅವರಿಗೆ ಕೂಲಿ ಕೊಟ್ಟು, ಊಟವಿಕ್ಕಿ ಕಳುಹಿಸುವೆವು. ಆ ಕೌದಿಯನ್ನು 'ನಮ್ಮ ಮನೆಯ ಕೌದಿ' ಎನ್ನುವೆವೇ ಹೊರತು 'ನಾನು ಹೊಲಿದ ಕೌದಿ' ಎನ್ನುವುದಿಲ್ಲ. ಈ ಎರಡು ಮಾತುಗಳ ನಡುವಣ ಅಂತರದಲ್ಲಿಯೇ ಲೆಕ್ಸಿಂಗ್ಟನ್ನಿನ ದೋಷವಿರುವುದು. ಸೂಜಿಕಾಯಕದ ರಾಮಿತಂದೆ ಎಂಬ ಶರಣನ ಹೆಸರನ್ನು ನೆನೆದಾಗ ಕಾಯಕವು ಹೆಸರಿನ ಮುಂದೆಯೇ ನಿಂತಿರುವುದನ್ನು ಕಾಣುತ್ತೇವೆ. ಕೆಂಟಕಿಯ ಆ ಸೂಜಿಗಾತಿಯರ ಪಾಲಿಗೆ ಕಾಯಕವುಳಿಯಿತು, ಹೆಸರು ಅಳಿಯಿತು. ಕೇಡನ್ನಳನ್ನು ಮಾತ್ರವೇ ದೂರಿ ಸುಮ್ಮನಾಗುವುದೂ ಸರಿಯಲ್ಲ. ಹೊಲಿಗೆಯ ಸೂಕ್ಷ್ಮತೆಯೊಂದನ್ನೇ ಅಳೆದು, ಅದು ಯಾರ ಕೈಯದು, ಯಾರ ಯೋಚನೆಯದು ಎಂದು ವಿಚಾರಿಸದ ತೀರ್ಪಿನ ಕ್ರಮದಲ್ಲಿ ಹಣವುಳ್ಳವರು ಒಳ್ಳೆಯ ಕೈಗಳನ್ನು ಕೊಂಡು ಗೆಲ್ಲುವುದು ಸಹಜವೇ ಆಗಿತ್ತು.

ಮುಂದೆ ಕಾಲ ಬದಲಾಯಿತು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯವು ಹಳೆಯ ಕ್ವಿಲ್ಟುಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗಿಸಿ ತೋರಿಸಿತು. ಹಾಸಿಗೆಯಿಂದೆದ್ದು ಗೋಡೆಗೆ ಬಂದೊಡನೆ ಅವು ಬೇರೆಯಾಗಿ ಕಂಡುವು. 1979ರಲ್ಲಿ ಒಹಾಯೋ ಪ್ರಾಂತದ ಅಥೆನ್ಸ್ ಎಂಬ ಊರಿನಲ್ಲಿ, ಹಿಂದೆ ಹಸುಗಳನ್ನು ಕಟ್ಟುತ್ತಿದ್ದ ದೊಡ್ಡದೊಂದು ಕೊಟ್ಟಿಗೆಯನ್ನು ಸರಿಪಡಿಸಿ, ಸ್ವಂತ ಕಲ್ಪನೆಯ ಕ್ವಿಲ್ಟುಗಳಿಗಾಗಿಯೇ 'ಕ್ವಿಲ್ಟ್ ನ್ಯಾಷನಲ್' ಎಂಬ ಪ್ರದರ್ಶನವನ್ನು ಆರಂಭಿಸಿದರು. ನ್ಯಾನ್ಸಿ ಕ್ರೋ ಎಂಬ ಕಲಾವಿದೆ ಅದರ ಮೊದಲಿಗರಲ್ಲೊಬ್ಬಳು. ಹೊಸತನ್ನು ನೋಡಬಲ್ಲ ಕಣ್ಣುಗಳು ಹೀಗೆ ಮೆಲ್ಲಮೆಲ್ಲನೆ ತಯಾರಾದುವು.

ಇಂದಿನ ಗಿಲ್ಡುಗಳ ಸವಾಲಿಗೆ 1933ರ ಸ್ಪರ್ಧೆಯ ಗದ್ದಲವೂ ಇಲ್ಲ, ಸಾವಿರ ಡಾಲರಿನ ಆಮಿಷವೂ ಇಲ್ಲ. ಅಳತೆಯು ಬಹಳ ಮಟ್ಟಿಗೆ ಚಿಕ್ಕದು. ಒಬ್ಬಳ ಎರಡು ಕೈಗಳಿಂದ ಗಡುವಿನೊಳಗೆ ಮುಗಿಯುವಂತಹುದು. ಹಂಚಿದ ಬಟ್ಟೆ ಒಂದೇ ಆದುದರಿಂದ ಬೆಲೆಬಾಳುವ ಬಟ್ಟೆಯನ್ನು ಕೊಳ್ಳಬಲ್ಲವರಿಗೂ ಕೊಳ್ಳಲಾರದವರಿಗೂ ಅಷ್ಟರಮಟ್ಟಿಗೆ ಸಮತೆಯುಂಟು. ಗೊತ್ತಾದ ದಿನದಂದು ಎಲ್ಲವನ್ನೂ ಒಂದೇ ಗೋಡೆಯ ಮೇಲೆ ತೂಗಿಸಿದಾಗ ಅದೇ ಕಿತ್ತಳೆ ಬಣ್ಣದ ಬಟ್ಟೆ ಒಂದರಲ್ಲಿ ನಕ್ಷತ್ರವಾಗಿ, ಇನ್ನೊಂದರಲ್ಲಿ ಬರಗಾಲದ ಹೊಲವಾಗಿ, ಮಗದೊಂದರಲ್ಲಿ ಹುಡುಕಿದರೂ ಸಿಕ್ಕದಂತೆ ಅಡಗಿ ಕುಳಿತಿರುತ್ತದೆ. ಆ ಗೋಡೆಯ ಮುಂದೆ ನಿಂತು ಒಂದರ ಪಕ್ಕದಲ್ಲಿ ಒಂದನ್ನು ನೋಡುವುದು ಬಹುಮಾನದ ಚೀಟಿಗಿಂತ ದೊಡ್ಡ ಶಿಕ್ಷಣವೆಂದು ನನ್ನ ಅಭಿಪ್ರಾಯ. ಇಂತಹ ಪದ್ಧತಿಯನ್ನು ನಮ್ಮ ಮಹಿಳಾ ಸಮಾಜಗಳು ಕೌದಿಗಾಗಿ ಅನುಸರಿಸಬಾರದೇಕೆ? ಒಂದೇ ಇಳಕಲ್ಲ ಸೀರೆಯ ಹಳೆಯ ಸೆರಗನ್ನು ಹತ್ತು ತುಂಡು ಮಾಡಿ ಹತ್ತು ಮಂದಿಗೆ ಕೊಟ್ಟು ನೋಡಬಹುದು.

ಹೆಸರಿನ ವಿಷಯದಲ್ಲಿಯೂ ಕ್ರಮವು ಬಿಗಿಯಾಗಿದೆ. ಅದೇ ಕೆಂಟಕಿ ಪ್ರಾಂತದ ಪಡೂಕಾ ಎಂಬ ಊರಿನಲ್ಲಿ 1985ರಿಂದ ದೊಡ್ಡದೊಂದು ಕ್ವಿಲ್ಟ್ ಪ್ರದರ್ಶನವು ನಡೆದುಬಂದಿದೆ. ಅಂತಹ ಪ್ರದರ್ಶನಗಳಲ್ಲಿ ಮೇಲ್ಬಟ್ಟೆಯನ್ನು ಜೋಡಿಸಿದವರು ಒಬ್ಬರು, ಪದರಗಳನ್ನು ಹೊಲಿದವರು ಇನ್ನೊಬ್ಬರು ಆಗಿದ್ದರೆ ಇಬ್ಬರ ಹೆಸರನ್ನೂ ಬರೆದುಕೊಡಬೇಕು. ಬಹುಮಾನದ ಪಟ್ಟಿಯಲ್ಲಿ ಎರಡೂ ಹೆಸರುಗಳು ಅಚ್ಚಾಗುತ್ತವೆ. ಮನೆಯಲ್ಲಿ ಮಾಡುವ ಸಣ್ಣ ಕ್ವಿಲ್ಟಿಗೂ ಹಿಂಬದಿಯ ಕೆಳಮೂಲೆಯಲ್ಲಿ ಬಟ್ಟೆಯ ಚೀಟಿಯೊಂದನ್ನು ಹೊಲಿಯುವ ರೂಢಿಯುಂಟು. ಮಾಸದ ಮಸಿಯಲ್ಲಿ ಊರು, ವರ್ಷ, ಹೊಲಿದವರ ಹೆಸರು ಇಷ್ಟನ್ನೂ ಬರೆಯುವರು. ತೊಳೆದಾಗ ಕಿತ್ತುಬಾರದಂತೆ ಚೀಟಿಯ ನಾಲ್ಕು ಅಂಚನ್ನೂ ಒಳಮಡಿಸಿ ಹೊಲಿಯಬೇಕು. ಕೇಡನ್ ಕಳುಹಿಸಿದ ಆ ನಕ್ಷತ್ರದ ಕ್ವಿಲ್ಟನ್ನು ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನೋರ್ ರೂಸ್‌ವೆಲ್ಟರಿಗೆ ಕಾಣಿಕೆಯಾಗಿ ಒಪ್ಪಿಸಿದರು. ಆಮೇಲೆ ಅದನ್ನು ಕಂಡವರಿಲ್ಲ. ಬಹುಮಾನ ಕಾಣದ ಪ್ರಗತಿಯ ಶತಮಾನದ ಕ್ವಿಲ್ಟುಗಳಲ್ಲಿ ಎಷ್ಟೋ, ಹೊಲಿದವರ ಮಕ್ಕಳ, ಮೊಮ್ಮಕ್ಕಳ ಪೆಟ್ಟಿಗೆಗಳಲ್ಲಿ ಉಳಿದುಕೊಂಡು ಬಂದುವು.