ಕೆಳಗೆ ಸಾಲ, ಮೇಲೆ ಭೋಗ್ಯ

ಹಾಲು ಉಕ್ಕಿಸಿದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಸಂಪಿನ ಮೋಟರಿನ ಸ್ವಿಚ್ಚು ಇದ್ದದ್ದು ಮೆಟ್ಟಿಲ ತಿರುವಿನಲ್ಲಿ, ಮೇಲಿನ ಮನೆಯವರ ಬಾಗಿಲ ಪಕ್ಕ. ಬಿಂದಿಗೆ ಹಿಡಿದೇ ಹತ್ತಿ ಹೋದೆ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಆ ಮನೆಯಮ್ಮ ಎದ್ದು ಸ್ವಿಚ್ಚು ಹಾಕಿದರು. "ಮನೆ ನಿಮ್ದೇ ಕಣವ್ವ, ಯಾವಾಗ್ ಬೇಕಾದ್ರೂ ಬಂದು ಹಾಕ್ಕಳಿ. ನಮ್ ದುಡ್ಡೂ ಇದ್ರೊಳ್ಗೇ ಅದೆ ಅಲ್ವಾ" ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಮಂಡ್ಯದ ವಿ.ಸಿ. ಫಾರಂ ಹತ್ತಿರ ನಾವು ಕೊಂಡ ಮನೆಯ ಬೆಲೆ 34 ಲಕ್ಷ. ಅದರಲ್ಲಿ 20 ಲಕ್ಷ ಬ್ಯಾಂಕಿನದು, 8 ಲಕ್ಷ ನಮ್ಮ ಉಳಿತಾಯ, ಮಿಕ್ಕ 6 ಲಕ್ಷ ಮೇಲಿನ ಮನೆಯವರು ಬಾಡಿಗೆಯ ಬದಲಿಗೆ ಹಿಂದಿನ ಮಾಲೀಕರಿಗೆ ಕೊಟ್ಟಿದ್ದ ಭೋಗ್ಯದ ಹಣ. ಅದನ್ನು ಬೆಲೆಯಲ್ಲಿ ಮುರಿದುಕೊಂಡು, ವಾಪಸು ಕೊಡುವ ಹೊಣೆಯನ್ನು ನಾವು ವಹಿಸಿಕೊಂಡೆವು. ಅಂದರೆ ಮೇಲಿನ ಅರ್ಧ ನಮ್ಮ ಹೆಸರಿನಲ್ಲಿದೆ, ಅವರ ಅನುಭವದಲ್ಲಿದೆ.

ಮಂಡ್ಯ ಸೀಮೆಯಲ್ಲಿ ಭೋಗ್ಯ ಇಷ್ಟು ನಡೆಯುವುದಕ್ಕೆ ಕಬ್ಬೂ ಒಂದು ಕಾರಣ ಎಂದು ನನಗನಿಸುತ್ತದೆ. ಕಬ್ಬು ಕೈಗೆ ಬರಲು ವರ್ಷ ಬೇಕು. ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬೇಗ ಬರಲಿ, ತಡವಾಗಿ ಬರಲಿ, ಬರುವುದು ಒಂದೇ ಗಂಟು. ಅಂಥವರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಕಷ್ಟ, ಗಂಟು ಒಪ್ಪಿಸಿ ನಿರಾಳವಾಗಿರುವುದು ಸುಲಭ. ಸಂಬಳದ ನಮ್ಮಂಥವರಿಗೆ ಗಂಟೇ ಕಷ್ಟ. ನಮ್ಮ ಮೇಲಿನ ಮನೆಯವರು ಮಳವಳ್ಳಿ ಕಡೆಯವರು, ಎರಡೂವರೆ ಎಕರೆ ಕಬ್ಬು. ಮಗಳು ಇಲ್ಲಿನ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಆ ಓದಿಗಾಗಿಯೇ ಇಲ್ಲಿ ಮನೆ ಹಿಡಿದವರು. ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಈ ಫಾರಂ ಕೆ.ಆರ್.ಎಚ್.-2 ಹೈಬ್ರಿಡ್ ಭತ್ತ ಹುಟ್ಟಿದ ಜಾಗ. ಸಂಶೋಧನೆಗೂ ಓದಿಗೂ ಹೊರಗಿನಿಂದ ಬರುವವರಿಂದ ಇಲ್ಲಿ ಮಹಡಿ ಖಾಲಿ ಉಳಿಯುವುದು ಕಡಿಮೆ. ಮಂಡ್ಯಕ್ಕೇ ಕೃಷಿ ವಿಶ್ವವಿದ್ಯಾಲಯ ಎಂದಾದ ಮೇಲಂತೂ ಸೈಟಿನ ಮಾತೇ ಬೇರೆ.

ಮನೆ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಅಡ್ವಾನ್ಸ್ ಕೊಡುವ ಮುಂಚೆ ಮೆಟ್ಟಿಲು ಹತ್ತಿ. ನಾವು ಇ.ಸಿ. (ಋಣಭಾರ ಪತ್ರ) ತೆಗೆಸಿದೆವು, ಚೊಕ್ಕಟವಾಗಿತ್ತು. ಪಂಚಾಯಿತಿಯ ಇ-ಸ್ವತ್ತು ನಮೂನೆಯೂ ಸರಿಯಾಗಿತ್ತು. ಭೋಗ್ಯ ಎಷ್ಟು ಎಂದು ಕೇಳಿದಾಗ ಮಾರುವವರು ಐದು ಲಕ್ಷ ಎಂದರು. ಯಾಕೋ ಮನಸ್ಸು ತಡೆಯದೆ ನಾನೊಬ್ಬಳೇ ಮೇಲೆ ಹೋಗಿ ಕರಾರು ಪತ್ರ ತೋರಿಸಿ ಎಂದು ಕೇಳಿದೆ. ಬೀರುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಛಾಪಾ ಕಾಗದ ಹೊರಬಂತು. ಮುಂದಿನ ಪುಟದಲ್ಲಿ ಐದು ಲಕ್ಷ. ಹಿಂಬದಿಯಲ್ಲಿ, ಕರಾರು ಮುಂದುವರಿಸುವಾಗ ಇನ್ನೊಂದು ಲಕ್ಷ ಕೊಟ್ಟಿದ್ದು, ಇಬ್ಬರ ರುಜು, ತಾರೀಖು. ಆ ಹಿಂಬದಿ ನೋಡದಿದ್ದರೆ ಒಂದು ಲಕ್ಷ ನಮ್ಮ ತಲೆಗೆ ಬರುತ್ತಿತ್ತು.

ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಭೋಗ್ಯ ಅಡಮಾನದಲ್ಲಿ, ಹಣ ಕೊಟ್ಟವರು ಅದು ತೀರುವ ತನಕ ಆಸ್ತಿಯನ್ನು ಸ್ವಾಧೀನದಲ್ಲಿಟ್ಟುಕೊಂಡು ಅನುಭವಿಸಬಹುದು. ನೂರು ರೂಪಾಯಿ ದಾಟಿದರೆ ಅದರ ಪತ್ರ ನೋಂದಣಿ ಆಗಲೇಬೇಕು. ಊರಿನ ರೂಢಿಯಲ್ಲಿ ಬಹುಪಾಲು ಭೋಗ್ಯ ಛಾಪಾ ಕಾಗದದ ಮೇಲೆಯೇ ಮುಗಿದುಹೋಗುತ್ತದೆ. ನಾವು ಕ್ರಯಪತ್ರದಲ್ಲೇ "ಭೋಗ್ಯದ 6 ಲಕ್ಷ ಖರೀದಿದಾರರು ತೀರಿಸತಕ್ಕದ್ದು" ಎಂದು ಬರೆಸಿದೆವು. ಮೇಲಿನವರ ಜೊತೆ ನಮ್ಮ ಹೆಸರಿನಲ್ಲಿ ಹೊಸ ಕರಾರು ಮಾಡಿಸಿ ಬ್ಯಾಂಕಿನ ಫೈಲಿಗೂ ಒಂದು ಪ್ರತಿ ಕೊಟ್ಟೆವು. ಆಗ ನೋಂದಣಿ ಶುಲ್ಕ ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಅದು ಶೇ 2 ಆಗಿದೆ. ಈಗ ಕೊಳ್ಳುವವರು ಅದನ್ನೂ ಗಂಟಿನಲ್ಲಿ ಸೇರಿಸಿಕೊಳ್ಳಿ.

ಮೊದಲ ತಿಂಗಳುಗಳಲ್ಲಿ ಕಾಡಿದ್ದು ಕರೆಂಟು. ಎರಡು ಮನೆಗೂ ಒಂದೇ ಮೀಟರು, ಎರಡು ಸಂಸಾರದ ಬಳಕೆ ಸೇರಿ 200 ಯೂನಿಟ್ ದಾಟುತ್ತಿತ್ತು. ಗೃಹಜ್ಯೋತಿಯ ಉಚಿತ ಕರೆಂಟು ಕೈತಪ್ಪಿ ಪೂರ್ತಿ ಬಿಲ್ಲು. ಮೇಲಿನ ಮನೆಗೆ ಬೇರೆ ಆರ್.ಆರ್. ನಂಬರಿನ ಮೀಟರು ಹಾಕಿಸಿದೆವು. ಬಾಡಿಗೆ, ಭೋಗ್ಯದಲ್ಲಿರುವವರೂ ತಮ್ಮ ಆಧಾರ್ ಜೋಡಿಸಿ ಯೋಜನೆಗೆ ಸೇರಬಹುದು. ಹಾಕಿಸುವ ಖರ್ಚು ನಮ್ಮದೇ ಆಯಿತು, ಆದರೆ ಬಿಲ್ಲು ಹಂಚಿಕೊಳ್ಳುವಾಗಿನ ಮುಜುಗರ ಎರಡೂ ಮನೆಗೆ ತಪ್ಪಿತು.

ಲೆಕ್ಕದಲ್ಲಿ ನಾನು ತಪ್ಪಿದ್ದು ಬೇರೆ ಕಡೆ. ಬ್ಯಾಂಕಿನ 20 ಲಕ್ಷಕ್ಕೆ ಶೇ 8.5ರಂತೆ 20 ವರ್ಷಕ್ಕೆ ತಿಂಗಳ ಕಂತು 17,356 ರೂಪಾಯಿ. ಐದನೇ ತಾರೀಖು ಬಂದರೆ ಖಾತೆಯಿಂದ ಹೋಗುತ್ತದೆ, ಹಾಗಾಗಿ ಅದು ಸಾಲ ಎಂದು ನೆನಪಿರುತ್ತದೆ. ಭೋಗ್ಯಕ್ಕೆ ಕಂತಿಲ್ಲ, ಮೆಸೇಜಿಲ್ಲ. ಮೊದಲ ವರ್ಷ ಅದನ್ನು ಮರೆತೇ ಇದ್ದೆ. ಕೈಯಲ್ಲಿ ಮಿಕ್ಕಿದ್ದನ್ನು ಕಾಂಪೌಂಡಿಗೂ ಅಡುಗೆಮನೆ ಕಲ್ಲಿಗೂ ಹಾಕಿದೆ.

ಒಂದು ಸಂಜೆ ಮೇಲಿನ ಯಜಮಾನರು ಇಳಿದು ಬಂದು, ಮಗಳ ಓದು ಮುಗಿದ ಮೇಲೆ ಊರಿಗೆ ಹೋಗಬೇಕು, ಆಗ ಹಣ ಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಸಾಮಾನ್ಯವಾಗಿ ಮಾಡುವುದು ಹೊಸಬರಿಂದ ಭೋಗ್ಯ ತೆಗೆದುಕೊಂಡು ಹಳಬರಿಗೆ ಕೊಡುವುದು. ಆದರೆ ಹೊಸಬರು ಸಿಗುವ ತನಕ ಹಳಬರ ಹಣ ನಿಂತುಹೋಗುತ್ತದೆ, ಸಿಕ್ಕರೂ ಇಪ್ಪತ್ತು ವರ್ಷದ ಮೇಲೂ ಆ 6 ಲಕ್ಷ ಹಾಗೇ ಬಾಕಿ. ಬ್ಯಾಂಕಿನ ಸಾಲವಾದರೂ ಅಷ್ಟರಲ್ಲಿ ತೀರಿರುತ್ತದೆ.

ಹಾಗಾಗಿ ಅವರ ಜೊತೆ ಕೂತು ಮಾತಾಡಿದೆವು. ಮೇಲಿನ ಮನೆಗೆ ಇಲ್ಲಿ 5,000 ಬಾಡಿಗೆ ಬರುತ್ತದೆ. ನಾವು ಒಂದೊಂದು ಲಕ್ಷ ತೀರಿಸಿದಂತೆಲ್ಲ ಅವರು ತಿಂಗಳಿಗೆ 800 ರೂಪಾಯಿ ಬಾಡಿಗೆ ಕೊಡಲು ಒಪ್ಪಿದರು. ವರ್ಷಕ್ಕೆ 9,600. ಅಂದರೆ ಭೋಗ್ಯಕ್ಕೆ ಹಾಕಿದ ಒಂದು ಲಕ್ಷ ಶೇ 9.6 ದುಡಿಯುತ್ತದೆ. ಅದೇ ಲಕ್ಷವನ್ನು ಬ್ಯಾಂಕ್ ಸಾಲಕ್ಕೆ ಮುಂಗಡ ಕಟ್ಟಿದ್ದರೆ ಉಳಿಯುತ್ತಿದ್ದದ್ದು ಶೇ 8.5, ಅಂಚೆ ಕಚೇರಿಯ ಆರ್.ಡಿ.ಯಲ್ಲಿ ಶೇ 6.7. ಸಾಲದ ಭಯದಲ್ಲಿ ನಾನು ಬ್ಯಾಂಕಿಗೇ ಮೊದಲು ಕಟ್ಟಲು ಹೊರಟಿದ್ದೆ. ಪೆನ್ನು ಹಿಡಿದು ಕೂತ ಮೇಲೆ ಗೊತ್ತಾಯಿತು, ಸದ್ದಿಲ್ಲದ ಸಾಲವೇ ಹೆಚ್ಚು ದುಬಾರಿ.

ತಿಂಗಳಿಗೆ 5,000 ಆರ್.ಡಿ. ಕಟ್ಟಿದೆವು, ಊರಿನ ಕಬ್ಬಿನ ದುಡ್ಡಿನಲ್ಲಿ ನಮ್ಮ ಯಜಮಾನರ ಪಾಲಿಗೆ ಬಂದದ್ದನ್ನು ಸೇರಿಸಿದೆವು. ಎರಡು ವರ್ಷದಲ್ಲಿ ಎರಡು ಲಕ್ಷ ಚೆಕ್ಕಿನಲ್ಲೇ ಕೊಟ್ಟಿದ್ದೇವೆ. ಪ್ರತಿ ಸಲವೂ ಅವರು ಆ ಪ್ಲಾಸ್ಟಿಕ್ ಕವರು ಕೆಳಗೆ ತರುತ್ತಾರೆ. ನಮ್ಮ ಕರಾರಿನ ಹಿಂಬದಿಯಲ್ಲಿ "1 ಲಕ್ಷ ಸಂದಾಯ" ಎಂದು ಬರೆದು, ತಾರೀಖು ಹಾಕಿ, ಇಬ್ಬರೂ ರುಜು ಮಾಡುತ್ತೇವೆ. ಮಗಳ ಕೊನೆಯ ವರ್ಷ ಶುರುವಾಗಿದೆ, ಇನ್ನು ನಾಲ್ಕು ಲಕ್ಷವಿದೆ. ಓದು ಮುಗಿದ ಮೇಲೂ ಒಂದು ಕಟಾವಿನ ತನಕ ಕಾಯುತ್ತೇವೆ ಎಂದು ಅವರು ಮಾತು ಕೊಟ್ಟಿದ್ದಾರೆ. ಆ ಮಾತನ್ನೂ ಅದೇ ಹಿಂಬದಿಯಲ್ಲಿ ಬರೆಸಿಕೊಂಡೆ.